ಕಣದ ಮೇಲಿನ ಆಸ್ಪತ್ರೆ

ಜಯನಗರದ ಹೊಸ ಬಡಾವಣೆ ದಕ್ಷಿಣದ ಕಡೆ ಬೆಳೆಯುತ್ತ ಬಂದು ಹೊಂಗೆಪಾಳ್ಯದ ಹೊಲಗಳನ್ನೆಲ್ಲ ತೆಗೆದುಕೊಂಡ ಮೇಲೆ ಊರಿನವರ ಕೈಯಲ್ಲಿ ಉಳಿದದ್ದು ಮನೆ, ದನ, ಸಾರಕ್ಕಿ ಕಡೆಯ ಇಳಿಜಾರಿನಲ್ಲಿ ಒಂದಿಷ್ಟು ರಾಗಿ ಬೆಳೆಯುವ ನೆಲ ಮತ್ತು ಊರ ಮುಂದಿನ ಕಣ. ಕಣ ಗ್ರಾಮಠಾಣೆಯೊಳಗೆ ಇದ್ದದ್ದರಿಂದ ಅಳತೆಗೆ ಬಂದವರು ಅದನ್ನು ಬಿಟ್ಟು ಆಚೆಗೆ ಕಲ್ಲು ನೆಟ್ಟು ಹೋಗಿದ್ದರು. ನಾಲ್ಕು ಮನೆಯವರಿಗೆ ಸೇರಿದ್ದ ಆ ಕಣವನ್ನು ಊರಿನವರು ತಾವಾಗಿಯೇ ಬಿಟ್ಟುಕೊಟ್ಟರು. ಆಸ್ಪತ್ರೆ ಕಟ್ಟುತ್ತೇವೆ ಅಂದದ್ದಕ್ಕೆ ಕೊಟ್ಟರು.

ಕೇಳಲು ಬಂದವರು ಅನಂತಪದ್ಮನಾಭಯ್ಯನವರು. ಸರ್ಕಾರದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಮೇಲೆ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಅಲ್ಲಿನ ನಾಲ್ಕಾರು ಮಂದಿಯನ್ನು ಸೇರಿಸಿ ಆರೋಗ್ಯ ಸಮಿತಿ ಅಂತ ಒಂದನ್ನು ಮಾಡಿದ್ದರು, ತಾವೇ ಕಾರ್ಯದರ್ಶಿ. ಐವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಒಂದು ಸಂಜೆ ಕೋಟು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡು, ತೆನೆಯ ಮೇಲೆ ಉರುಳಿಸಲು ಕಣದಲ್ಲಿಟ್ಟಿದ್ದ ರೋಣಗಲ್ಲಿನ ಮೇಲೆ ಕೂತು ಮಾತಾಡಿದರು. "ಪೇಟೆ ಆಸ್ಪತ್ರೆಗೆ ಹೋಗೋಕೆ ನಿಮಗೂ ದೂರ, ನಮಗೂ ದೂರ. ಇಲ್ಲೇ ಒಂದು ಆದ್ರೆ ನಿಮ್ಮ ಮಕ್ಕಳು ನಮ್ಮ ಮಕ್ಕಳು ಅಂತ ಭೇದ ಇರೋದಿಲ್ಲ," ಅಂದರು.

ಚಿಕ್ಕಬೈರಪ್ಪನಿಗೆ ಇಷ್ಟವಿರಲಿಲ್ಲ. ನಾಲ್ಕು ಪಾಲುದಾರರಲ್ಲಿ ಅವನೂ ಒಬ್ಬ. ಹೊಲವೂ ಹೋಯಿತು, ಕಣವೂ ಹೋದರೆ ಬಡಿಯುವುದೆಲ್ಲಿ ಅಂತ ಅವನ ಚಿಂತೆ. ಅವನ ತಾಯಿ ಸಿದ್ದಗಂಗಮ್ಮ ಗಂಡಸರ ನಡುವೆ ಬಂದು ನಿಂತಳು. ಅವಳು ಹೆತ್ತ ಮಕ್ಕಳಲ್ಲಿ ಉಳಿದವನು ಇವನೊಬ್ಬನೇ. ಮಿಕ್ಕವರೆಲ್ಲ ಭೇದಿಗೆ, ಜ್ವರಕ್ಕೆ, ಸಿಡುಬಿಗೆ ಹೋಗಿದ್ದರು.

"ಕೊಟ್ಬುಡು ಮಗಾ," ಅಂದಳು. "ರಾಗಿ ರಸ್ತೆ ಮೇಲಾದ್ರೂ ಬಡ್ಕೋಬೋದು. ನಂಗಾಗಿದ್ದು ನಿನ್ನ ಹೆಂಡ್ರಿಗೆ ಆಗೋದು ಬ್ಯಾಡ."

ಕೊಟ್ಟರು. ಕಾಗದ ಪತ್ರ ಏನಾದರೂ ಆಗಬೇಕಲ್ಲ ಅಂತ ಯಾರೋ ಕೇಳಿದ್ದಕ್ಕೆ ಅನಂತಪದ್ಮನಾಭಯ್ಯನವರು ನಕ್ಕು, "ನಮ್ಮ ನಿಮ್ಮ ಮಧ್ಯೆ ಕಾಗದ ಯಾಕಪ್ಪ?" ಅಂದರು. ಊರಿನವರಿಗೆ ಆ ಮಾತು ದೊಡ್ಡ ಮನಸ್ಸಿನದಾಗಿ ಕೇಳಿಸಿತು.

ಆಸ್ಪತ್ರೆ ಎದ್ದಿತು. ಹೆಂಚಿನ ಮಾಡು, ಮುಂದೆ ಉದ್ದನೆಯ ಜಗುಲಿ, ಸುಣ್ಣ ಹೊಡೆದ ಗೋಡೆ. ಮೊದಲ ಕೆಲವು ತಿಂಗಳು ಹೊಂಗೆಪಾಳ್ಯದವರನ್ನು ನೋಡಿದ್ದೂ ನಿಜ. ಆಮೇಲೆ ಬಡಾವಣೆಯವರಿಗೆ ಒಂದು ಬೆಂಚು, ಪಾಳ್ಯದವರಿಗೆ ಒಂದು ಬೆಂಚು ಆಯಿತು. ಆಮೇಲೆ ಪಾಳ್ಯದವರ ಬೆಂಚು ಜಗುಲಿಯಿಂದ ಇಳಿದು ಹೊಂಗೆಮರದ ಕೆಳಗೆ ಬಂತು. ವಂತಿಗೆ ಕೊಡುವ ಬಡಾವಣೆಯವರನ್ನು ನೋಡಿ ಮುಗಿಸುವಷ್ಟರಲ್ಲೇ ಡಾಕ್ಟರ ಹೊತ್ತು ಮುಗಿಯುತ್ತಿತ್ತು. ಒಂದು ದಿನ ಬೆಂಚೂ ಹೋಯಿತು. ಕಾಂಪೌಂಡು ಬಂತು, ಕಬ್ಬಿಣದ ಗೇಟು ಬಂತು, ಗೇಟಿಗೆ ಉತ್ತರಹಳ್ಳಿಯ ಶಾಮಣ್ಣ ಕಾವಲಿಗೆ ಬಂದ. ಯಾರೂ ಯಾರಿಗೂ ಬರಬೇಡಿ ಅಂತ ಹೇಳಲೇ ಇಲ್ಲ. ಬರದ ಹಾಗೆ ಮಾಡಿದರು ಅಷ್ಟೆ.

ಚಿಕ್ಕಬೈರಪ್ಪನ ಹೆಂಡತಿ ಬೈರಮ್ಮ ಎಮ್ಮೆ ಕಟ್ಟಿಕೊಂಡು ಬಡಾವಣೆಯ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಇಂಥವರ ಮನೆಯಲ್ಲಿ ಬಸುರಿ ಇದ್ದಾಳೆ, ಇಂಥವರ ಮನೆಗೆ ನೆಂಟರು ಬಂದಿದ್ದಾರೆ ಅಂತ ಪಾತ್ರೆಯ ಅಳತೆಯಿಂದಲೇ ಅವಳಿಗೆ ತಿಳಿಯುತ್ತಿತ್ತು. ಅವಳಿಗಿದ್ದದ್ದು ಒಬ್ಬಳೇ ಮಗಳು, ಕೆಂಪಿ. ಆರು ವರ್ಷದವಳು. ತಾಯಿಯ ಹಿಂದೆ ಬರಿಗಾಲಲ್ಲಿ ಓಡುತ್ತಾ, ಯಾರ ಮನೆಯ ನಾಯಿಗೆ ಏನು ಹೆಸರು ಅಂತ ಕಲಿತಿದ್ದಳು.

ಐವತ್ತೊಂಬತ್ತರ ಸಂಕ್ರಾಂತಿ ಕಳೆದ ವಾರ ಕೆಂಪಿಗೆ ಜ್ವರ ಬಂತು. ಗಂಟಲು ನೋವು ಅಂದಳು. ಸಿದ್ದಗಂಗಮ್ಮ ಮೆಣಸಿನ ಕಷಾಯ ಕೊಟ್ಟಳು. ಮರುದಿನ ಮಗುವಿನ ಕುತ್ತಿಗೆ ಊದಿಕೊಂಡಿತು. ಅದರ ಮರುದಿನ ಬೈರಮ್ಮ ಹಾಲು ಹಾಕಿ ಮನೆಗೆ ಬರುವ ಹೊತ್ತಿಗೆ ಕೆಂಪಿ ಉಸಿರೆಳೆದರೆ ಕೊಕ್ಕರೆ ಕೂಗಿದ ಹಾಗೆ ಸದ್ದಾಗುತ್ತಿತ್ತು. ಸಿದ್ದಗಂಗಮ್ಮ ಬಾಯಿ ತೆರೆಸಿ ನೋಡಿದಳು. ಗಂಟಲ ಒಳಗೆ ಬೂದು ಬಿಳುಪಿನ ಪೊರೆ ಹರಡಿತ್ತು.

"ಗಂಟಲಮಾರಿ ಕಣವ್ವ," ಅಂದಳು. "ಎತ್ಕೊಂಡು ನಡಿ."

ಬೈರಮ್ಮ ಮಗುವನ್ನು ಎತ್ತಿಕೊಂಡು ಓಡಿದಳು. ಗೇಟಿನಲ್ಲಿ ಶಾಮಣ್ಣ ಮಗುವಿನ ಮುಖ ನೋಡಿ ಬಾಗಿಲು ಅರ್ಧ ತೆರೆದ. ಅಷ್ಟರಲ್ಲಿ ಅನಂತಪದ್ಮನಾಭಯ್ಯನವರು ಜಗುಲಿಯಿಂದ ಇಳಿದು ಬಂದರು. ಜಗುಲಿಯ ಮೇಲೆ ತಾಯಂದಿರು ತಮ್ಮ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಸಮಿತಿಯ ಕಪ್ಪು ಕಾರು ಮರದ ನೆರಳಲ್ಲಿ ನಿಂತಿತ್ತು.

"ಏನಾಗಿದೆ ಮಗೂಗೆ?"

"ಉಸ್ರು ಕಟ್ತಾ ಐತೆ ಸ್ವಾಮಿ. ಗಂಟಲಮಾರಿ ಅಂತವ್ರೆ ನಮ್ಮತ್ತೆ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅಲ್ಲೇ ನಿಲ್ಲಮ್ಮ. ಅದು ಅಂಟೋ ಕಾಯಿಲೆ. ಒಳಗೆ ಅಷ್ಟೊಂದು ಮಕ್ಕಳಿದ್ದಾರೆ. ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋಗು, ಅಲ್ಲಿ ಇದಕ್ಕೆ ಅಂತಲೇ ವ್ಯವಸ್ಥೆ ಇದೆ."

"ಡಾಕ್ಟ್ರಮ್ಮನ್ನ ಒಂದ್ಸಲ ಕರೀರಿ ಸ್ವಾಮಿ. ಇಲ್ಲೇ ನಿಂತಿರ್ತೀನಿ. ದೂರದಿಂದ ನೋಡ್ಲಿ."

"ಅವರ ಹೊತ್ತು ಮುಗೀತಮ್ಮ. ಹೊತ್ತು ಕಳೀಬೇಡ, ಬೇಗ ಹೋಗು."

"ಹಂಗಾದ್ರೆ ಆ ಕಾರಾದ್ರೂ ಕೊಡಿ."

"ಅದು ಸಮಿತಿಯವರ ಕಾರು. ನಾನೊಬ್ಬನೇ ಕೊಡೋಕೆ ಆಗೋದಿಲ್ಲ," ಅಂದರು. ಗಟ್ಟಿಯಾಗಿ ಅನ್ನಲಿಲ್ಲ. ರಸ್ತೆಗೆ ಎಷ್ಟು ಜಲ್ಲಿ ಬೇಕು ಅಂತ ಹೇಳುವವರ ಹಾಗೆ ಸಾವಧಾನವಾಗಿ ಅಂದರು. ಆಮೇಲೆ ಗೇಟು ಹಾಕಿಕೊಳ್ಳಲು ಶಾಮಣ್ಣನಿಗೆ ಸನ್ನೆ ಮಾಡಿದರು.

ಸೌತ್ ಎಂಡಿನ ತನಕ ಬೈರಮ್ಮ ಮಗುವನ್ನು ಹೊತ್ತುಕೊಂಡೇ ಓಡಿದಳು. ಅಲ್ಲಿ ಜಟಕಾ ಸಿಕ್ಕಿತು. ಜಟಕಾ ಹೊಡೆಯುವ ಸಾಬಿ ಒಳ್ಳೆಯವನು, ಬಾಡಿಗೆ ಮಾತಾಡದೆ ಚಾಟಿ ಬೀಸಿದ. ಲಾಲ್‌ಬಾಗಿನ ಪಶ್ಚಿಮದ ಬಾಗಿಲು ದಾಟುವಾಗ ಕೆಂಪಿ ತಾಯಿಯ ಸೆರಗು ಹಿಡಿದು ಎಳೆಯುತ್ತಿದ್ದಳು. ಮಿನರ್ವ ಸರ್ಕಲ್ ಹತ್ತಿರ ಬರುವಾಗ ಎಳೆಯುವುದನ್ನು ಬಿಟ್ಟಳು. ಪೇಟೆ ಆಸ್ಪತ್ರೆಯಲ್ಲಿ ಮಗುವನ್ನು ಮೇಜಿನ ಮೇಲೆ ಮಲಗಿಸಿ ನೋಡಿದ ಡಾಕ್ಟರು, "ದಾರೀಲೇ ಹೋಗಿದೆಯಮ್ಮ," ಅಂದರು. "ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ."

ಮಗುವನ್ನು ಅದೇ ಮಧ್ಯಾಹ್ನ ಮಣ್ಣು ಮಾಡಿದರು.

ಮರುದಿನ ಬೆಳಿಗ್ಗೆ ಬಡಾವಣೆ ಆಸ್ಪತ್ರೆಯ ಡಾಕ್ಟರು ಪಾಳ್ಯಕ್ಕೆ ಬಂದಳು. ಹೆಸರು ಕಾತ್ಯಾಯಿನಿ, ಬಸವನಗುಡಿಯ ಕಡೆಯವಳು, ಮೂವತ್ತು ತುಂಬಿರದ ಹೆಂಗಸು. ಶಾಮಣ್ಣನ ಬಾಯಿಂದ ಸುದ್ದಿ ತಿಳಿದ ಕೂಡಲೇ, ಗಂಟಲಮಾರಿ ಒಂದು ಮನೆಗೆ ಬಂದರೆ ಊರಿಗೆ ಹರಡುತ್ತದೆ ಅಂತ ಚೀಲ ಹಿಡಿದು ನಡೆದುಕೊಂಡು ಬಂದಿದ್ದಳು. ಮನೆಮನೆಯ ಮಕ್ಕಳನ್ನು ಹೊರಗೆ ಕರೆಸಿ ಬಿಸಿಲಿಗೆ ಬಾಯಿ ತೆರೆಸಿ ನೋಡಿದಳು. ಕೊನೆಗೆ ಚಿಕ್ಕಬೈರಪ್ಪನ ಮನೆಯ ಮುಂದೆ ಬಂದು ನಿಂತಳು. ಬೈರಮ್ಮ ಬಾಗಿಲಲ್ಲಿ ಕೂತಿದ್ದಳು.

"ನೆನ್ನೆ ನಾನು ಒಳಗೇ ಇದ್ದೆ," ಅಂದಳು ಕಾತ್ಯಾಯಿನಿ. "ಹಿಂದಿನ ಕೋಣೇಲಿ ಕಾಫಿ ಕುಡೀತಾ ಇದ್ದೆ. ಯಾರೂ ನನಗೆ ಹೇಳಲಿಲ್ಲ."

ಬೈರಮ್ಮ ತಲೆ ಎತ್ತಿದಳು.

"ಅದಕ್ಕೆ ಕೊಡೋ ಇಂಜೆಕ್ಷನ್ ನಮ್ಮ ಹತ್ರ ಇತ್ತು. ಐಸ್ ಪೆಟ್ಟಿಗೇಲಿ. ಇದನ್ನ ನಿಮ್ಮಿಂದ ಮುಚ್ಚಿಡೋಕೆ ನನಗೆ ಮನಸ್ಸಾಗಲಿಲ್ಲ."

ಬೈರಮ್ಮ ಎದ್ದು ನಿಂತಳು. ಇಷ್ಟು ಹೊತ್ತು ಅವಳ ಮನಸ್ಸಿನಲ್ಲಿ ಇದ್ದದ್ದು, ಪೇಟೆ ದೂರ, ಜಟಕಾ ತಡ, ಮಗಳ ಆಯಸ್ಸು ಇಷ್ಟೇ ಅಂತ. ಹೆಂಗಸರೆಲ್ಲ ರಾತ್ರಿಯೆಲ್ಲ ಅವಳಿಗೆ ಅದನ್ನೇ ಹೇಳಿ ಸಮಾಧಾನ ಮಾಡಿದ್ದರು. ಈಗ ಆಯಸ್ಸಿನ ಮಾತು ಸುಳ್ಳಾಯಿತು.

"ಮನಸ್ಸಾಗಲಿಲ್ವಾ?" ಅಂದಳು. "ನಿಮ್ಮ ಮನಸ್ಸು ಹಗುರ ಮಾಡ್ಕೊಳೋಕೆ ನನ್ ಬಾಗ್ಲಿಗೆ ಬಂದ್ರಾ? ಒಂದು ಗೋಡೆ ಆಚೆ ಔಷ್ದಿ ಮಡಿಕ್ಕೊಂಡು ಕಾಫಿ ಕುಡೀತಿದ್ರಿ. ನನ್ ಮಗಳು ಗೇಟ್ ಕಂಬಿ ಹಿಡ್ಕೊಂಡು ಒಳಗೆ ನೋಡ್ತಿದ್ಲು. ಪಾಳ್ಯದವ್ರು ಯಾಕೆ ಬರ್ತಾ ಇಲ್ಲ ಅಂತ ಈ ಒಂದು ವರ್ಷದಲ್ಲಿ ಒಂದಿನ ಕೇಳಿದ್ರಾ ನೀವು?"

ಕಾತ್ಯಾಯಿನಿ, "ಇಲ್ಲ," ಅಂದಳು.

"ಕೇಳಿದ್ರೆ ಬದುಕ್ತಿತ್ತು."

ಡಾಕ್ಟರು ಚೀಲ ಎತ್ತಿಕೊಂಡು, "ಯಾವ ಮಗೂಗೆ ಗಂಟಲು ನೋವು ಬಂದ್ರೂ ನನ್ನ ಕರೀರಿ. ಗೇಟಿನ ಹತ್ರ ಬೇಡ, ನನ್ನ ಮನೆಗೇ ಬನ್ನಿ," ಅಂತ ಮನೆಯ ಗುರುತು ಹೇಳಿ ಹೋದಳು.

ಒಳಗೆ ಸಿದ್ದಗಂಗಮ್ಮ ಗೋಡೆಗೆ ತಲೆ ಕೊಟ್ಟು, "ನಾನೇ ಕೊಡಿಸ್ದೆ, ನಾನೇ ಕೊಡಿಸ್ದೆ," ಅನ್ನುತ್ತಿದ್ದಳು. ಚಿಕ್ಕಬೈರಪ್ಪ ತಾಯಿಯ ಕಡೆ ತಿರುಗಿ ಏನೋ ಬಿರುಸಾಗಿ ಹೇಳಲು ಬಾಯಿ ತೆರೆದ. ಬೈರಮ್ಮ ಅವನನ್ನು ತಡೆದಳು.

"ಅವ್ರನ್ನ ಅನ್ಬೇಡ. ಅವ್ರು ಆಸ್ಪತ್ರೆಗೆ ಕೊಟ್ಟಿದ್ದು, ಗೇಟಿಗೆ ಕೊಟ್ಟಿದ್ದಲ್ಲ. ನಮ್ ರಾಗಿ ಮೆದೆ ಎಲ್ಲೈತೆ?"

"ಹಟ್ಟಿ ಹಿಂದೆ. ಯಾಕೆ?"

"ಗಾಡಿ ಕಟ್ಟು. ತೆನೆ ಕಣಕ್ಕೆ ಹೊಡಿ."

ಚಿಕ್ಕಬೈರಪ್ಪ ಹೆಂಡತಿಯ ಮುಖ ನೋಡಿದ. ಕಣ ಹೋದ ಮೇಲೆ ಅವರೆಲ್ಲ ಬಡಾವಣೆಯ ರಸ್ತೆಯ ಮೇಲೆ ರಾಗಿ ಬಡಿಯುತ್ತಿದ್ದರು. ದೂಳು ಬರುತ್ತದೆ ಅಂತ ಪ್ರತಿ ವರ್ಷ ಬೈಗುಳ ತಿನ್ನುತ್ತಿದ್ದರು. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎತ್ತು ಕಟ್ಟಿದ. ಉಳಿದ ಮೂರು ಮನೆಯವರಿಗೂ ಹೇಳಿ ಕಳಿಸಿದ.

ಹುಲ್ಲು ತೆನೆ ತುಂಬಿದ ಗಾಡಿಗಳು ಗೇಟಿನ ಮುಂದೆ ನಿಂತಾಗ ಶಾಮಣ್ಣ ಬೀಗದ ಕೈ ಹಿಡಿದುಕೊಂಡು ನಿಂತಿದ್ದ. ಗಾಡಿಗಳ ಮುಂದೆ ಬೈರಮ್ಮ ನಡೆದು ಬಂದಿದ್ದಳು. ಕೂದಲು ಕಟ್ಟಿರಲಿಲ್ಲ. ಶಾಮಣ್ಣ ಅವಳ ಮುಖವನ್ನು ನೋಡಲಾರದೆ ನೆಲ ನೋಡಿದ. ಆಮೇಲೆ ಎರಡು ಬಾಗಿಲನ್ನೂ ಪೂರ್ತಿ ತೆರೆದು, ಬೀಗವನ್ನು ಕಾಂಪೌಂಡಿನ ಮೇಲಿಟ್ಟು, ತನ್ನ ರುಮಾಲು ಎತ್ತಿಕೊಂಡು ಉತ್ತರಹಳ್ಳಿಯ ದಾರಿ ಹಿಡಿದ. ಆ ಕೆಲಸಕ್ಕೆ ಅವನು ತಿರುಗಿ ಬರಲಿಲ್ಲ.

ಹೆಂಗಸರು ಕಾಂಪೌಂಡಿನೊಳಗೆ ಹಾಸಿದ್ದ ಜಲ್ಲಿಯನ್ನು ಗುದ್ದಲಿಯಿಂದ ಎಳೆದು ರಾಶಿ ಹಾಕಿ, ನೆಲಕ್ಕೆ ನೀರು ಚಿಮುಕಿಸಿ, ಸಗಣಿ ಸಾರಿಸಿದರು. ಗಂಡಸರು ಕಟ್ಟಡದ ಸುತ್ತ ತೆನೆ ಹರಡಿದರು. ರೋಣಗಲ್ಲಿಗೆ ಎತ್ತು ಹೂಡಿದರು. ಎತ್ತುಗಳು ಆಸ್ಪತ್ರೆಯ ಸುತ್ತ ತಿರುಗತೊಡಗಿದವು. ದೂಳು ಎದ್ದು ಸುಣ್ಣದ ಗೋಡೆ ಮಣ್ಣಿನ ಬಣ್ಣಕ್ಕೆ ಬಂತು.

ಅನಂತಪದ್ಮನಾಭಯ್ಯನವರು ಕಾರಿನಿಂದ ಇಳಿದು ಮೂಗಿಗೆ ಕರವಸ್ತ್ರ ಹಿಡಿದುಕೊಂಡರು. "ಇದೇನು ಅನ್ಯಾಯ ಚಿಕ್ಕಬೈರಪ್ಪ? ಇದು ಆಸ್ಪತ್ರೆ."

"ನಮ್ಗೇನು ಗೊತ್ತು ಸ್ವಾಮಿ," ಅಂದ ಅವನು, ಎತ್ತು ನಿಲ್ಲಿಸದೆ. "ನಮ್ಮನ್ನ ಒಳಗೆ ಬಿಡ್ದೆ ಇರೋ ಜಾಗ ಆಸ್ಪತ್ರೆ ಅಂತ ಹೆಂಗೆ ತಿಳ್ಕೊಳೋದು? ನಮ್ಗೆ ಇದು ಕಣ."

ಅವರು ಪೊಲೀಸಿಗೆ ಹೇಳಿ ಕಳಿಸಿದರು. ಸಬ್‌ಇನ್ಸ್‌ಪೆಕ್ಟರು ಬಂದು, ಜಾಗದ ಕ್ರಯಪತ್ರ ತೋರಿಸಿ ಸಾರ್ ಅಂತ ಕೇಳಿದ. ಕ್ರಯಪತ್ರ ಎಲ್ಲಿತ್ತು? ದಾನಪತ್ರವೂ ಇರಲಿಲ್ಲ. ಕಾಗದ ಯಾಕಪ್ಪ ಅಂದವರು ಅವರೇ. ಕೊಟ್ಟ ಮಾತನ್ನು ಯಾರೂ ತಮ್ಮ ಮುಂದೆ ಹಿಡಿಯಬಾರದು ಅಂತ ಅಂದಿದ್ದರೋ ಏನೋ, ಈಗ ಅವರ ಕೈಯಲ್ಲೂ ಹಿಡಿಯಲು ಏನೂ ಇರಲಿಲ್ಲ. ಕಂದಾಯ ಇನ್ನೂ ಆ ನಾಲ್ಕು ಮನೆಯವರ ಹೆಸರಿನಲ್ಲೇ ನಡೆಯುತ್ತಿತ್ತು. ಸಬ್‌ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಒರೆಸಿಕೊಂಡು, "ಇದು ಸಿವಿಲ್ ಕೋರ್ಟಿನ ವ್ಯವಹಾರ ಸಾರ್, ನಮ್ಮದಲ್ಲ," ಅಂತ ಹೊರಟುಹೋದ.

ಒಂದು ವಿಷಯವನ್ನು ಬೈರಮ್ಮ ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದಳು. ಬಡಾವಣೆಯಿಂದ ಕಾಯಿಲೆಯವರು ಯಾರು ಬಂದರೂ ಎತ್ತು ನಿಲ್ಲಿಸಿ ದಾರಿ ಬಿಡಬೇಕು. ಬಿದ್ದು ಸೊಂಟ ನೋಯಿಸಿಕೊಂಡ ಒಬ್ಬ ಮುದುಕರನ್ನು ಚಿಕ್ಕಬೈರಪ್ಪನೇ ತೆನೆಯ ಮೇಲೆ ಎತ್ತಿಕೊಂಡು ಹೋಗಿ ಒಳಗೆ ಮಲಗಿಸಿ ಬಂದ. "ನಾವು ಗೇಟು ಹಾಕೋ ಜನ ಅಲ್ಲ," ಅಂದಳು ಬೈರಮ್ಮ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಕನಿಕರ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಹೇಳಿದಳು.

ಹಾಲು ಮಾತ್ರ ನಿಂತಿತು. ಪಾಳ್ಯದ ಒಂದು ಮನೆಯಿಂದಲೂ ಬಡಾವಣೆಗೆ ಹಾಲು ಹೋಗಲಿಲ್ಲ. ಸೊಪ್ಪು ಹೋಗಲಿಲ್ಲ, ಹೂವು ಹೋಗಲಿಲ್ಲ, ಮುಸುರೆ ತಿಕ್ಕುವವರು ಹೋಗಲಿಲ್ಲ. ಕರೆದ ಹಾಲನ್ನು ಊರಿನ ಮಕ್ಕಳು ಕುಡಿದವು. ಎಷ್ಟೋ ಮಕ್ಕಳು ಹಾಗೆ ಹೊಟ್ಟೆ ತುಂಬ ಹಾಲು ಕುಡಿದದ್ದು ಅದೇ ಮೊದಲು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಲಮೇಲು ತಂಬಿಗೆ ಹಿಡಿದುಕೊಂಡು ಪಾಳ್ಯಕ್ಕೆ ಬಂದಳು. ಸಮಿತಿಯ ಸದಸ್ಯ ಅನಂತರಾಮು ಅವರ ಹೆಂಡತಿ. ಬೈರಮ್ಮ ಹಾಲು ಹಾಕುತ್ತಿದ್ದ ಮನೆ. ಕಂಕುಳಲ್ಲಿ ಇನ್ನೂ ವರ್ಷ ತುಂಬದ ಮಗು ಅಳುತ್ತಿತ್ತು.

"ಬೈರಮ್ಮ, ಪೇಟೆಯಿಂದ ತರಿಸಿದ ಹಾಲು ಇವನಿಗೆ ಒಗ್ಗಲಿಲ್ಲ. ನೆನ್ನೆಯಿಂದ ವಾಂತಿ. ನನ್ನ ಮೇಲೆ ಕೋಪ ಇದ್ರೆ ಇರಲಿ, ಮಗು ಏನು ಮಾಡ್ತು?"

"ನನ್ ಮಗು ಏನು ಮಾಡ್ತು?"

ಅಲಮೇಲುವಿನ ಕಣ್ಣು ತುಂಬಿತು. ಅದನ್ನು ಕಂಡು ಬೈರಮ್ಮನಿಗೆ ಸಿಟ್ಟು ಇನ್ನೂ ಏರಿತು.

"ಆವತ್ತು ನೀವು ಜಗುಲಿ ಮೇಲೆ ಕೂತಿದ್ರಿ ಅಲಮೇಲಮ್ಮೋರೆ. ನಾನು ನೋಡ್ದೆ. ಇದೇ ಮಗೂನ ಎತ್ಕೊಂಡು ಕೂತಿದ್ರಿ. ಇವ್ಳು ನಮ್ಮ ಹಾಲಿನ ಬೈರಮ್ಮ, ಒಳಗೆ ಬಿಡಿ ಅಂತ ಒಂದು ಮಾತು ಬರ್ಲಿಲ್ಲ ನಿಮ್ ಬಾಯಲ್ಲಿ. ಮಗಳಿಗೆ ಅಂತ ನೀವೇ ಹಳೇ ಲಂಗ ಕೊಟ್ಟಿದ್ರಿ ನಂಗೆ. ಲಂಗ ಕೊಡೋಕೆ ಆಯ್ತದೆ, ಮಾತು ಕೊಡೋಕೆ ಆಗಲ್ವಾ?"

"ಭಯ ಆಯ್ತು ಬೈರಮ್ಮ," ಅಂದಳು ಅಲಮೇಲು ಮೆಲ್ಲಗೆ. "ನನ್ನ ಮಗೂಗೆ ಎಲ್ಲಿ ಅಂಟುತ್ತೋ ಅಂತ. ಅದಕ್ಕೇ ಬಾಯಿ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ."

ಮಗು ಅಳು ನಿಲ್ಲಿಸಿರಲಿಲ್ಲ. ಬೈರಮ್ಮ ತಂಬಿಗೆಯನ್ನು ಕಿತ್ತುಕೊಂಡವಳ ಹಾಗೆ ತೆಗೆದುಕೊಂಡು ಹಟ್ಟಿಗೆ ಹೋದಳು. ನೊರೆಹಾಲು ತುಂಬಿಸಿ ತಂದು ಅಲಮೇಲುವಿನ ಕೈಯಲ್ಲಿಟ್ಟಳು.

"ದಿನಾ ಬನ್ನಿ, ಮಗೂಗೆ ಕೊಡ್ತೀನಿ. ದುಡ್ಡು ಬ್ಯಾಡ. ನಿಮ್ಮ ಕಾಫಿಗೆ ಒಂದು ತೊಟ್ಟೂ ಇಲ್ಲ. ಬಾಗ್ಲಲ್ಲಿ ನಿಲ್ಸಿ ಹೋಗು ಅನ್ನೋಕೆ ನಂಗೆ ಬರಲ್ಲ. ಬಂದಿದ್ರೆ ಅಂದಿರ್ತಿದ್ದೆ."

ಅಲಮೇಲು ನೇರವಾಗಿ ಮನೆಗೆ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕ ಮನೆಗಳಿಗೆಲ್ಲ ಹೋದಳು. ಅವತ್ತು ಸಂಜೆ ಸಮಿತಿಯ ಸಭೆ ಅನಂತರಾಮು ಅವರ ಮನೆಯ ಹಜಾರದಲ್ಲಿ ಸೇರಿದಾಗ ಬಡಾವಣೆಯ ಹೆಂಗಸರು ಅಡಿಗೆಮನೆಯ ಬಾಗಿಲು ದಾಟಿ ಹಜಾರಕ್ಕೆ ಬಂದು ಕೂತಿದ್ದರು. ಕಾತ್ಯಾಯಿನಿಯೂ ಬಂದಿದ್ದಳು. ಅವಳು ಹೆಚ್ಚು ಮಾತಾಡಲಿಲ್ಲ. ಪಾಳ್ಯದವರಿಗೆ ಗೇಟು ತೆರೆಯದಿದ್ದರೆ ನಾಳೆಯಿಂದ ತಾನು ಬರುವುದಿಲ್ಲ, ಮಗು ಯಾಕೆ ಸತ್ತಿತು ಅಂತ ಯಾರು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಅಂದಳು.

ಮರುದಿನ ಅನಂತಪದ್ಮನಾಭಯ್ಯನವರು ಅನಂತರಾಮು ಅವರನ್ನು ಜೊತೆಗೆ ಕರೆದುಕೊಂಡು ಕಣಕ್ಕೆ ಬಂದರು. ತೂರಿದ ರಾಗಿ ಜಗುಲಿಯ ಮುಂದೆ ರಾಶಿ ಬಿದ್ದಿತ್ತು. ಬೈರಮ್ಮ ಮೊರ ಹಿಡಿದು ನಿಂತಿದ್ದಳು.

"ನೋಡಮ್ಮ," ಅಂದರು ಅವರು. ಎರಡು ವಾರದಲ್ಲಿ ಮುಖ ಇಳಿದುಹೋಗಿತ್ತು. "ನಾನು ಕೆಟ್ಟವನಲ್ಲ. ಈ ಆಸ್ಪತ್ರೆಗೋಸ್ಕರ ಮನೆಮನೆ ಅಲೆದಿದ್ದೀನಿ. ಎಲ್ಲರಿಗೂ ಬಾಗಿಲು ತೆರೆದರೆ ಇರೋ ಒಬ್ಬ ಡಾಕ್ಟರಿಗೆ ಸಾಕಾಗಲ್ಲ, ವಂತಿಗೆಯವರು ಬಿಟ್ಟು ಹೋಗ್ತಾರೆ, ಆಸ್ಪತ್ರೆ ಮುಚ್ಚಿ ಹೋಗುತ್ತೆ ಅಂತ ಹಾಗೆ ಮಾಡಿದೆ. ಆವತ್ತು ಇಷ್ಟೊಂದು ಆಗಿಹೋಗುತ್ತೆ ಅಂತ ತಿಳೀಲಿಲ್ಲ."

"ತಿಳೀಲಿಲ್ಲ ಅಂದ್ರೆ ಡಾಕ್ಟ್ರನ್ನ ಕರೀಬೇಕಿತ್ತು ಸ್ವಾಮಿ. ತಿಳಿದೋರು ಒಳಗೇ ಇದ್ರು."

ಅನಂತರಾಮು ಗಂಟಲು ಸರಿಮಾಡಿಕೊಂಡು ಸಮಿತಿಯ ನಿರ್ಧಾರ ಹೇಳಿದರು. ಹೊಂಗೆಪಾಳ್ಯದವರಿಗೆ ಇನ್ನು ಮೇಲೆ ಬೆಳಿಗ್ಗೆ ಒಂದು ಗಂಟೆ ಹೊತ್ತು ಡಾಕ್ಟರನ್ನು ಕಾಣಲು ಬಿಡಲಾಗುತ್ತದೆ.

"ಬೆಳಿಗ್ಗೆ ಬ್ಯಾಡ," ಅಂದಳು ಬೈರಮ್ಮ. "ಬೆಳಿಗ್ಗೆ ನಾವೆಲ್ಲ ನಿಮ್ಮ ಮನೆ ಕೆಲ್ಸದಲ್ಲಿ ಇರ್ತೀವಿ. ಸಂಜೆ ಬೇಕು. ಗೇಟಿಗೆ ಬೀಗ ಇರಕೂಡ್ದು. ಎದ್ದು ನಿಲ್ಲೋಕಾಗದವ್ರನ್ನ ಪೇಟೆಗೆ ಕರ್ಕೊಂಡು ಹೋಗೋಕೆ ಆ ಕಾರು ಯಾರಿಗಾದ್ರೂ ಬರ್ಬೇಕು. ಹಂಗೇ, ಪಾಳ್ಯದವ್ರು ಅಂತ ಮಾತ್ರ ಅನ್ಬೇಡಿ. ಬಂಡೆ ಹತ್ರ ಗುಡಿಸ್ಲು ಹಾಕ್ಕೊಂಡು ಜಲ್ಲಿ ಒಡೆಯೋರು ಅವ್ರೆ. ನಿಮ್ಮ ಮನೆ ಪಾಯಕ್ಕೆಲ್ಲ ಕಲ್ಲು ಕೊಟ್ಟೋರು. ಅವ್ರ ಮಕ್ಕಳನ್ನೂ ನೋಡ್ಬೇಕು."

"ಅವರು ಎಲ್ಲಿಂದಲೋ ಬಂದವರು," ಅಂದರು ಅನಂತಪದ್ಮನಾಭಯ್ಯನವರು. "ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಅವರು ಜಾಗ ಕೊಟ್ಟವರೂ ಅಲ್ಲ."

"ಜಾಗ ಕೊಟ್ಟೋರು ನಾವು. ಕೊಟ್ಟೋರು ಹೇಳ್ತಾ ಇದೀವಿ, ಅವ್ರನ್ನೂ ನೋಡ್ಬೇಕು. ಇಲ್ಲಾಂದ್ರೆ ಕಣ ಕಣವಾಗೇ ಇರ್ಲಿ. ಇನ್ನೂ ಹುರುಳಿ ಬಡಿಯೋದೈತೆ, ಅವರೆ ಬಡಿಯೋದೈತೆ."

ಅವರು ಒಪ್ಪಿದರು. ಒಳ್ಳೆಯತನದಿಂದ ಒಪ್ಪಿದ್ದಲ್ಲ. ಮನೆಯಲ್ಲಿ ಹೆಂಡಂದಿರು ಮಾತು ಬಿಟ್ಟಿದ್ದರು, ಡಾಕ್ಟರು ಹೊರಡಲು ನಿಂತಿದ್ದಳು, ಕೋರ್ಟಿಗೆ ಹೋದರೆ ಕಟ್ಟಡವೇ ಕೈತಪ್ಪುವ ಹಾಗಿತ್ತು. ಒಪ್ಪಿದ್ದನ್ನು ಈ ಸಲ ಪಾಳ್ಯದವರು ಕಾಗದದ ಮೇಲೆ ಬರೆಸಿಕೊಂಡರು. ರಾಗಿ ಮನೆ ಸೇರಿತು, ಎತ್ತುಗಳು ಹಟ್ಟಿಗೆ ಹೋದವು, ಹಾಲು ಮತ್ತೆ ಬಡಾವಣೆಗೆ ಹೋಗತೊಡಗಿತು.

ಯುಗಾದಿ ಕಳೆದ ಮೇಲೆ ಸಂಜೆಯ ಚಿಕಿತ್ಸೆ ಶುರುಮಾಡಲು ಒಂದು ಸಮಾರಂಭ ಇಟ್ಟುಕೊಂಡರು. ಎರಡು ದಿನ ಮುಂಚೆ ಅನಂತಪದ್ಮನಾಭಯ್ಯನವರು ಚಿಕ್ಕಬೈರಪ್ಪನ ಮನೆಗೆ ಬಂದು ಜಗುಲಿಯ ಮೇಲೆ ಕೂತರು. ಸಿದ್ದಗಂಗಮ್ಮ ನೀರು ಕೊಟ್ಟಳು.

"ಸಂಜೆಯ ವಿಭಾಗಕ್ಕೆ ನಿಮ್ಮ ಮಗಳ ಹೆಸರು ಇಡಬೇಕು ಅಂತ ಸಮಿತೀಲಿ ಹೇಳಿದ್ದೀನಿ," ಅಂದರು. ಬೈರಮ್ಮನಿಗೆ ಅವರು 'ನೀವು' ಅಂದದ್ದು ಅದೇ ಮೊದಲು. "ಕೆಂಪಮ್ಮ ಸ್ಮಾರಕ ಅಂತ ಅಮೃತಶಿಲೆಯ ಮೇಲೆ ಕೆತ್ತಿಸ್ತೀವಿ. ಎಲ್ಲಾರೂ ಒಪ್ಪಿದ್ದಾರೆ. ಆವತ್ತು ನೀವು ಬಂದು ಪರದೆ ಸರಿಸಬೇಕು."

ಚಿಕ್ಕಬೈರಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಮಗಳ ಹೆಸರು ಕಲ್ಲಿನ ಮೇಲೆ ಇರುತ್ತದೆ ಅನ್ನುವುದು ಅವನಿಗೆ ಹಿತವಾಗಿ ಕೇಳಿಸಿರಬೇಕು. ಅವನು ಹೆಂಡತಿಯ ಕಡೆ ನೋಡಿದ.

"ಬ್ಯಾಡ," ಅಂದಳು ಬೈರಮ್ಮ.

"ಯಾಕಮ್ಮ? ಗೌರವದ ವಿಷಯ ಅಲ್ವೇ?"

"ಯಾರಿಗೆ ಗೌರವ ಸ್ವಾಮಿ? ಮುಂದೆ ಬರೋ ಜನ ಕಲ್ಲು ನೋಡಿ, ಯಾರೋ ಪುಣ್ಯಾತ್ಮರು ಸತ್ತ ಮಗೂನ ನೆನೆಸ್ಕೊಂಡು ಆಸ್ಪತ್ರೆ ಮಾಡವ್ರೆ ಅಂತಾರೆ. ಮಗು ಯಾಕೆ ಸತ್ತೋಯ್ತು ಅಂತ ಆ ಕಲ್ಲಲ್ಲಿ ಬರೆಸ್ತೀರಾ? ಗೇಟು ಹಾಕ್ದೋರು ಯಾರು ಅಂತ ಬರೆಸ್ತೀರಾ? ಬರೆಸಂಗಿದ್ರೆ ಬರೆಸಿ, ನಾನೇ ಬಂದು ಪರದೆ ಎಳೀತೀನಿ."

ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

"ನನ್ ಮಗಳನ್ನ ನೀವು ಬದುಕಿದ್ದಾಗ ಒಳಗೆ ಬಿಡ್ಲಿಲ್ಲ," ಅಂದಳು ಬೈರಮ್ಮ. "ಈಗ ಹೆಸರು ಮಾತ್ರ ಒಳಗೆ ಕರ್ಕೊಂಡು ಹೋಗ್ಬೇಡಿ."

ಸಮಾರಂಭಕ್ಕೆ ಅವಳು ಹೋಗಲಿಲ್ಲ. ಹೆಸರಿನ ಕಲ್ಲನ್ನೂ ಹಾಕಲಿಲ್ಲ. ಆದರೆ ಗೇಟು ತೆರೆದಿದೆಯೇ ಅಂತ ಪ್ರತಿ ಸಂಜೆ ಹೋಗಿ ನೋಡುತ್ತಿದ್ದಳು. ಮೊದಲ ದಿನಗಳಲ್ಲಿ ಬಂಡೆಯ ಕಡೆಯವರು ಹೆದರಿ ಹೊರಗೇ ನಿಲ್ಲುತ್ತಿದ್ದರು. ಅವರನ್ನು ಗದರಿಸಿ, ತಳ್ಳಿ, ಜಗುಲಿಯ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಒಮ್ಮೆ ಔಷಧಿ ಕೊಡುವ ಹೊಸ ಕಾಂಪೌಂಡರು ಒಬ್ಬಳು ಹೆಂಗಸನ್ನು ಕೆಳಗೆ ಕೂರು ಅಂದದ್ದು ಕಿವಿಗೆ ಬಿದ್ದು, ಅವನು ಕ್ಷಮೆ ಕೇಳುವ ತನಕ ಬೈರಮ್ಮ ಅಲ್ಲಿಂದ ಕದಲಲಿಲ್ಲ.

ಆಷಾಢದಲ್ಲಿ ಒಂದು ಮಧ್ಯಾಹ್ನ, ಮಾಲೂರಿನ ಕಡೆಯಿಂದ ಕಲ್ಲು ಒಡೆಯಲು ಬಂದಿದ್ದ ಲಕ್ಷ್ಮಿದೇವಮ್ಮ ತನ್ನ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬೈರಮ್ಮನ ಹಟ್ಟಿಗೆ ಬಂದಳು. ಹುಡುಗ ಐದು ವರ್ಷದವನು. ಉಸಿರಿನ ಸದ್ದು ಕೇಳಿದ ಕೂಡಲೇ ಬೈರಮ್ಮ ಕೈಯಲ್ಲಿದ್ದ ಹುಲ್ಲಿನ ಹೊರೆ ಬಿಟ್ಟಳು. ಇಬ್ಬರೂ ಓಡಿದರು. ಗೇಟು ತೆರೆದಿತ್ತು. ಡಾಕ್ಟರ ಹೊತ್ತಲ್ಲ. ಕಾಂಪೌಂಡರು ಕಾರು ಕಳಿಸಿ ಕಾತ್ಯಾಯಿನಿಯನ್ನು ಮನೆಯಿಂದ ಕರೆಸಿದ. ಅವಳು ಬಂದವಳೇ ಗಂಟಲು ನೋಡಿದಳು, ಐಸ್ ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದಳು, ಸೂಜಿ ಚುಚ್ಚಿದಳು. ಬೇರೆ ಮಕ್ಕಳಿಂದ ದೂರವಿರಲಿ ಅಂತ ಹಿಂದಿನ ಕೋಣೆಯಲ್ಲಿ, ತಾನು ಕಾಫಿ ಕುಡಿಯುತ್ತಿದ್ದ ಕೋಣೆಯಲ್ಲೇ, ಹಾಸಿಗೆ ಹಾಕಿಸಿ ಮಲಗಿಸಿದಳು.

ಬೈರಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ಅಷ್ಟೇನಾ?" ಅಂತ ಕೇಳಿದಳು.

ಕಾತ್ಯಾಯಿನಿಗೆ ಯಾಕೆ ಕೇಳಿದಳು ಅಂತ ಗೊತ್ತಾಯಿತು. "ಅಷ್ಟೇ," ಅಂದಳು, ಅವಳ ಮುಖ ನೋಡದೆ.

ಮರುದಿನ ಹುಡುಗನ ಉಸಿರು ಹಗುರಾಯಿತು. ಅದರ ಮರುದಿನ ಗಂಜಿ ಕೇಳಿದ. ಲಕ್ಷ್ಮಿದೇವಮ್ಮ ಹೊರಗೆ ಬಂದು ಬೈರಮ್ಮನ ಕಾಲು ಮುಟ್ಟಲು ಬಗ್ಗಿದಳು. ಬೈರಮ್ಮ ಕಾಲು ಹಿಂದಕ್ಕೆಳೆದುಕೊಂಡು, "ಏಳು ಮ್ಯಾಕೆ. ನನ್ ಕಾಲಿಗೂ ಬ್ಯಾಡ, ಅವ್ರ ಕಾಲಿಗೂ ಬ್ಯಾಡ. ಭಿಕ್ಷ ಏನಲ್ಲ ಇದು," ಅಂತ ಗದರಿದಳು.

ಮನೆಗೆ ಬಂದು ಹಾಲಿನ ಪಾತ್ರೆಗಳನ್ನು ಮುಂದಿಟ್ಟುಕೊಂಡು ಬೂದಿ ಹಾಕಿ ತಿಕ್ಕತೊಡಗಿದಳು. ತಿಕ್ಕಿದ್ದನ್ನೇ ತಿಕ್ಕಿದಳು. ಸಿದ್ದಗಂಗಮ್ಮ ಒಳಗಿನಿಂದ ಬಂದು ಹತ್ತಿರ ಕೂತಳು.

"ಹುಡುಗ ಹೆಂಗವ್ನೆ?"

"ಉಳ್ಕೊಂಡ."

"ಒಳ್ಳೇದಾಯ್ತು ಬಿಡವ್ವ. ಯಾಕೆ ಹಿಂಗಿದೀಯ?"

ಬೈರಮ್ಮ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಒಂದು ಸೂಜಿ ಅತ್ತೆ. ಒಂದೇ ಒಂದು ಸೂಜಿ. ನಾನು ಕಣ್ಣಾರೆ ನೋಡ್ದೆ. ಒಲೆ ಮೇಲೆ ಹಾಲು ಉಕ್ಕೋ ಅಷ್ಟು ಹೊತ್ತೂ ಆಗ್ಲಿಲ್ಲ. ಅವ್ನು ಉಳ್ಕೊಂಡಿದ್ದು ನಂಗೆ ಸಂತೋಷಾನೇ. ಆದ್ರೆ ಇಷ್ಟು ಸಲೀಸಾಗಿ ಆಗೋ ಕೆಲ್ಸನ ಅವ್ರು ಮಾಡ್ಲಿಲ್ಲವಲ್ಲ, ಅದನ್ನ ನಾನು ಹೆಂಗೆ ತಡ್ಕೊಳ್ಲಿ?"

ಸತ್ತ ತನ್ನ ಮಕ್ಕಳಿಗೂ ಎಲ್ಲೋ ಯಾರದೋ ಗೋಡೆಯ ಆಚೆ ಔಷಧಿ ಇದ್ದಿರಬಹುದೇ ಅಂತ ಸಿದ್ದಗಂಗಮ್ಮ ತನ್ನ ಜೀವಮಾನದಲ್ಲಿ ಮೊದಲ ಸಲ ಯೋಚಿಸುತ್ತಿದ್ದಳು. ಸೊಸೆಯ ಕೈಯಿಂದ ಪಾತ್ರೆ ತೆಗೆದುಕೊಂಡು, ನೀರು ಹೊಯ್ದು, ಬೂದಿಯನ್ನು ತೊಳೆದಳು.